ಸ್ಪೀಡಿನ ಊರಲ್ಲಿ ಬ್ರೇಕಿನ ಲೆಕ್ಕ!

ನಮ್ಮ ಸಿನಿಮಾಗಳಲ್ಲಿ ವಿಲನ್ ಕಡೆಯವನೊಬ್ಬ ರಾತ್ರಿ ಕಾರಿನ ಕೆಳಗೆ ನುಗ್ಗಿ ಬ್ರೇಕ್ ವೈರು ಕತ್ತರಿಸುತ್ತಾನೆ. ಬೆಳಿಗ್ಗೆ ಘಾಟಿ ರಸ್ತೆ, ಹೀರೋ ಪೆಡಲ್ ಒದೆಯುತ್ತಾನೆ, ಗಾಂಧಿ ಕ್ಲಾಸಿನಲ್ಲಿ ನಾವು ಉಸಿರು ಬಿಗಿಹಿಡಿದು ಕೂರುತ್ತೇವೆ. ಸ್ವಾಮಿ, ಕಾರಿನ ಕಾಲು ಬ್ರೇಕಿಗೆ ವೈರೇ ಇಲ್ಲ! ಅಲ್ಲಿರೋದು ಪೈಪು, ಪೈಪಿನೊಳಗೆ ಆಯಿಲ್. ಈ ಜ್ಞಾನೋದಯ ನನಗಾಗಿದ್ದು ಕಾಲೇಜಿನಲ್ಲಲ್ಲ (ಪಿಯುಸಿ ಅರ್ಧಕ್ಕೇ ಬಿಟ್ಟವನು ನಾನು), ಇರುಂಗಾಟ್ಟುಕೋಟೈ ರೇಸ್ ಟ್ರ್ಯಾಕಿನಲ್ಲಿ.

ಬೆಂಗಳೂರಿನಿಂದ ಹೊಸೂರು, ಕೃಷ್ಣಗಿರಿ, ವೆಲ್ಲೂರು ದಾಟಿದರೆ ಶ್ರೀಪೆರಂಬುದೂರು. ನಮ್ಮ ಮೇಲುಕೋಟೆಗೆ ಬಂದು ನೆಲೆಸಿದ್ದ ರಾಮಾನುಜಾಚಾರ್ಯರು ಹುಟ್ಟಿದ ಊರು. ಅಲ್ಲಿಂದ ಮದ್ರಾಸಿನ ಕಡೆ ಸ್ವಲ್ಪ ಮುಂದಕ್ಕೆ ಈ ಟ್ರ್ಯಾಕು. ಮೊದಲೆಲ್ಲ ಷೋಲಾವರಂನ ಹಳೇ ವಿಮಾನ ಪಟ್ಟಿಯ ಮೇಲೆ ರೇಸು ನಡೀತಿತ್ತು. 1990ರಲ್ಲಿ ಇಲ್ಲಿ 3.7 ಕಿಲೋಮೀಟರಿನ ಸುತ್ತು ಶುರುವಾಯಿತು. ತಮಿಳು ನಟ ಅಜಿತ್ ಕುಮಾರ್ ಹುಚ್ಚು ನಿಮಗೆ ಗೊತ್ತೇ ಇದೆ. 2025ರ ಜನವರಿಯಲ್ಲಿ ದುಬೈ ಪ್ರಾಕ್ಟೀಸಿನಲ್ಲಿ ಆತನ ಕಾರು ಗೋಡೆಗೆ ಬಡಿದು ಗಿರಗಿರನೆ ತಿರುಗಿತು. ಪುಣ್ಯಕ್ಕೆ ಮನುಷ್ಯ ನಡೆದುಕೊಂಡೇ ಹೊರಬಂದರು. ಡ್ಯೂಪ್ ಇಲ್ಲದ ಆಟ ಇದು.

ನಾನು ಹೋದ ದಿನ ರೇಸ್ ಇರಲಿಲ್ಲ, ಸ್ವಂತ ಕಾರು ತಂದವರು ದುಡ್ಡು ಕಟ್ಟಿ ಓಡಿಸುವ ದಿನ. ಬೆಂಗಳೂರಿನ ಹುಡುಗನೊಬ್ಬ ಕೆಂಪು ಪೋರ್ಷೆ ಕೇಮನ್ ತಂದಿದ್ದ. ಏನು ಬಣ್ಣ, ಏನು ಗತ್ತು... ಹೀರೋಯಿನ್ನೇ! ಜೊತೆಗೆ ಗ್ಯಾರೇಜಿನ ಭಾಯ್, ಐವತ್ತರ ಮೇಲಿನ ವಯಸ್ಸು. ಎರಡನೇ ಓಟ ಮುಗಿಸಿ ಬಂದ ಹುಡುಗ ಹ್ಯಾಂಡ್‌ಬ್ರೇಕಿಗೆ ಕೈ ಹಾಕಿದ್ದೇ ತಡ, ಭಾಯ್ ಕೂಗಿದರು: "ಬೇಡ ಸಾರ್! ಗೇರಲ್ಲಿ ಬಿಡಿ!" ಬ್ರೇಕು ಕಾದು ಕೆಂಡವಾಗಿರುವಾಗ ಹ್ಯಾಂಡ್‌ಬ್ರೇಕ್ ಎಳೆದು ನಿಲ್ಲಿಸಬಾರದಂತೆ. ಚಕ್ರಕ್ಕೊಂದು ಮರದ ತುಂಡು ಕೊಟ್ಟು ಮುಕ್ಕಾಲು ಗಂಟೆ ಆರಲು ಬಿಟ್ಟರು.

ಆಮೇಲೆ ಜಾಕ್ ಏರಿಸಿ ಮುಂದಿನ ಚಕ್ರ ಬಿಚ್ಚಿದರು. ಬ್ರೇಕ್ ಒತ್ತಿದಾಗ ಭಾರವೆಲ್ಲ ಮುಂದಕ್ಕೆ ಬೀಳುವುದರಿಂದ ಸವೆತವೂ ಅಲ್ಲೇ ಜಾಸ್ತಿ. ಟಾರ್ಚ್ ಬಿಟ್ಟು ಕ್ಯಾಲಿಪರಿನ ಸಂದಿಯಲ್ಲಿ ಇಣುಕಿದರು. ಹೊರಗಿನ ಪ್ಯಾಡ್ 7 ಮಿಲಿಮೀಟರ್, ಒಳಗಿನದು 4! ಚಕ್ರದ ಕಡ್ಡಿಗಳ ನಡುವೆ ಹೊರಗಿನಿಂದ ನೋಡಿ 'ಬೇಕಾದಷ್ಟಿದೆ' ಅಂದುಕೊಳ್ಳುವವರು ಮೋಸ ಹೋಗೋದು ಇಲ್ಲೇ. ಡಿಸ್ಕಿನ ಅಂಚಿಗೆ ಉಗುರು ತಾಗಿಸಿ ಎದ್ದ ಏಣು ನೋಡಿದರು, ತೂತುಗಳ ಸುತ್ತ ಬಿರುಕಿದೆಯಾ ಅಂತ ಸವರಿದರು. ಕೂದಲೆಳೆಯಂಥ ಗೆರೆಗಳಿದ್ದವು, ಉಗುರು ಸಿಕ್ಕಿಕೊಳ್ಳಲಿಲ್ಲ. ಮೈಕ್ರೋಮೀಟರಿನಲ್ಲಿ ದಪ್ಪ ಅಳೆದು, ಡಿಸ್ಕಿನ ಮೇಲೇ ಕೊರೆದಿರುವ ಕನಿಷ್ಠ ಅಳತೆಗೆ ಹೋಲಿಸಿದರು. ಡಿಸ್ಕು ಪಾಸು, ಪ್ಯಾಡು ಫೇಲು.

"ಇನ್ನೂ ನಾಲ್ಕು ಮಿಲಿ ಇದೆಯಲ್ಲ ಭಾಯ್, ಇನ್ನೊಂದು ಓಟ!" ಹುಡುಗನ ಗೋಗರೆತ.

"ಊರಲ್ಲಾದ್ರೆ ಇನ್ನೂ ಸ್ವಲ್ಪ ದಿನ ಬರುತ್ತೆ ಸಾರ್. ಇಲ್ಲಿ ಬರಲ್ಲ."

ಕಾರಣ ನನಗೆ ಬಿಡಿಸಿ ಹೇಳಿದರು. ವೇಗ ಎರಡರಷ್ಟಾದರೆ ಬ್ರೇಕು ನುಂಗಬೇಕಾದ ಶಕ್ತಿ ನಾಲ್ಕರಷ್ಟು. ಅದೆಲ್ಲ ಶಾಖ. ದಪ್ಪ ಪ್ಯಾಡು ಆ ಶಾಖವನ್ನು ತಡೆಯುತ್ತದೆ. ತೆಳ್ಳಗಾದರೆ ಬಿಸಿ ಸೀದಾ ಪಿಸ್ಟನ್ನಿಗೆ, ಅಲ್ಲಿಂದ ಆಯಿಲಿಗೆ. ಡಾಟ್ 4 ಆಯಿಲ್ ಹೊಸದಿದ್ದಾಗ 230 ಡಿಗ್ರಿವರೆಗಾದರೂ ಕುದಿಯಬಾರದು ಅನ್ನುವುದು ನಿಯಮ. ಆದರೆ ಅದು ಗಾಳಿಯ ತೇವ ಹೀರುವ ಜಾತಿ. ನೀರು ಸೇರಿದ ಮೇಲೆ ನಿಯಮ ಕೇಳುವುದೇ 155 ಡಿಗ್ರಿ. ಕುದಿಯಿತೋ, ಪೈಪಿನಲ್ಲಿ ಗುಳ್ಳೆ. ಗುಳ್ಳೆಯನ್ನು ಎಷ್ಟು ಒತ್ತಿದರೂ ಅದೇ ಕುಗ್ಗುತ್ತದೆ, ಪೆಡಲ್ ನೆಲ ಮುಟ್ಟುತ್ತದೆ. ವಿಲನ್ನೇ ಬೇಕಾಗಿಲ್ಲ ನೋಡಿ!

"ಅಲ್ಲದೆ ಸಾರ್, ಇದೇ ಗಾಡೀಲಿ ತಾನೇ ಮನೆಗೆ ಹೋಗ್ಬೇಕು? ಇಲ್ಲಿ ಜಾರಿದ್ರೆ ಮಣ್ಣಿದೆ. ಹೈವೇಲಿ ಮುಂದೆ ಲಾರಿ ಇರುತ್ತೆ."

ಹುಡುಗ ಮುಖ ಊದಿಸಿಕೊಂಡು ನೀರಿನ ಬಾಟಲಿ ಎತ್ತಿದ. ಭಾಯ್ ಡಿಕ್ಕಿಯಿಂದ ಹೊಸ ಪ್ಯಾಡ್ ತೆಗೆದು ಕೂರಿಸಿದರು. ಹೊಸ ಪ್ಯಾಡಿಗೂ ಗೌರವ ಕೊಡಬೇಕು. ಮೆಲ್ಲಗೆ ಓಡಿಸುತ್ತಾ ಸಾಕಷ್ಟು ಸಲ ಹದವಾಗಿ ಒತ್ತಿ ಬಿಟ್ಟು, ಆರಲು ಬಿಟ್ಟರೇ ಅದು ಡಿಸ್ಕಿಗೆ ಹೊಂದಿಕೊಳ್ಳುವುದು. ಹುಡುಗ ಹಾಗೇ ಎರಡು ಸುತ್ತು ಬಂದ, ಮದುವೆ ಮೆರವಣಿಗೆಯ ಹಾಗೆ. ಪಕ್ಕದಲ್ಲಿ ಬೇರೆ ಕಾರುಗಳು ಭರ್ರೆಂದು ಹಾದು ಹೋಗುತ್ತಿದ್ದವು.

ಅಷ್ಟರಲ್ಲಿ ಕೊನೇ ಓಟದ ಹೊತ್ತೂ ಮುಗಿಯಿತು. ಸಂಜೆ ಐದಕ್ಕೆ ಮೂವರೂ ಗಂಟು ಕಟ್ಟಿದೆವು. ಕೇಮನ್ನಿನಲ್ಲಿ ಸೀಟು ಎರಡೇ, ನಾನು ಬಸ್ಸಿಗೆ ನಡೆದೆ.