ಗುಂಡಿನ ಅಚ್ಚು

ಗುಜರಿ ಅಂಗಡಿ ಕಂಡರೆ ಕಾಲು ತಾನಾಗಿ ನಿಲ್ಲುವ ಚಪಲ ನನಗೆ ಮೊದಲಿನಿಂದಲೂ ಇದೆ. ಪಂಪ್‌ಸೆಟ್ಟಿನ ವಾಷರ್ ತರಲು ಶಿವಮೊಗ್ಗಕ್ಕೆ ಹೋದವನು ವಾಷರ್ ಮರೆತು, ಇಕ್ಕಳದಂಥ ಒಂದು ತುಕ್ಕುಹಿಡಿದ ಸಾಮಾನನ್ನು ಹೊತ್ತು ತಂದೆ. ಅಂಗಡಿಯವನು ಅದನ್ನು ಅಡಕೆ ಕತ್ತರಿಯೆಂದೇ ನಂಬಿದ್ದ. ಬಾಯಿ ಬಿಡಿಸಿದರೆ ಎರಡು ಕಡೆಯೂ ಅರ್ಧರ್ಧ ಗೋಲಿಯ ಕುಳಿ, ನೆತ್ತಿಯಲ್ಲಿ ಸೀಸ ಹೊಯ್ಯಲು ತೂತು. ಕೇಪಿನ ಕೋವಿಗೆ ಗುಂಡು ಎರೆಯುವ ಅಚ್ಚು!

"ಇದ್ರಲ್ಲಿ ಎಂಥ ಮಾಡ್ತೀರಿ?" ಎಂದಳು ಹೆಂಡತಿ.

ನ್ಯಾಯವಾದ ಪ್ರಶ್ನೆ. ಅಚ್ಚಿನ ಮೇಲೆ 16 ಎಂಬ ಅಂಕಿ ಇತ್ತು. ಕೋವಿಯ ಬೋರ್ ಎಂಬುದು ಸೀಸದ ಲೆಕ್ಕ. ನಳಿಗೆಗೆ ಸರಿಹೊಂದುವ ಗುಂಡುಗಳು ಒಂದು ಪೌಂಡ್ ಸೀಸದಲ್ಲಿ ಎಷ್ಟಾಗುತ್ತವೋ ಅದೇ ಅದರ ಅಂಕಿ. ಹೀಗಾಗಿ ಅಂಕಿ ಹೆಚ್ಚಿದಷ್ಟೂ ಗುಂಡು ಸಣ್ಣದು. ಹದಿನಾರರ ಗುಂಡು ಸರಿಯಾಗಿ ಒಂದು ಔನ್ಸ್, ಅಂದರೆ 28 ಗ್ರಾಂ ಚಿಲ್ಲರೆ. ಬೆಳೆ ರಕ್ಷಣೆಗೆಂದು ಅಪ್ಪಯ್ಯ ಪರವಾನಗಿ ಪಡೆದಿದ್ದ ನಮ್ಮ ಕೋವಿ 12ರದು. ಅದರ ನಳಿಗೆಯಲ್ಲಿ ಈ ಗುಂಡು ಡಬ್ಬಿಯೊಳಗಿನ ಕಲ್ಲಿನಂತೆ ಅಲ್ಲಾಡುತ್ತದೆ. ಅಲ್ಲದೆ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಮದ್ದುಗುಂಡು ತಯಾರಿಸಲು ಬೇರೆಯೇ ಪರವಾನಗಿ ಬೇಕು. ಅಲ್ಲಿಗೆ ಅಚ್ಚಿನ ಕುಲಕಸುಬು ಮುಗಿದಂತಾಯಿತು.

ಚಾಕೊಲೇಟ್ ಎರೆಯೋಣ ಎಂದಳು ಮೊಮ್ಮಗಳು. ಸೀಸ ಮಕ್ಕಳ ಬುದ್ಧಿಗೇ ಕೇಡು ಮಾಡುವ ವಿಷ. ಅದನ್ನು ಕಂಡ ಅಚ್ಚು ತಿನ್ನುವ ಪದಾರ್ಥಕ್ಕೆ ಆಗದು. ಗೋಡೆಯ ನೇರ ನೋಡುವ ತೂಗುಗುಂಡು ಮಾಡಬಹುದೇ ಎಂದು ಗಾರೆಯವನನ್ನು ಕೇಳಿದೆ. "ಗಾಳಿಗೆ ಇದೇ ಓಲಾಡಿದ್ರೆ ಗೋಡೆ ನೆಟ್ಟಗೆ ಬರ್ತದಾ ಮಾರಾಯ್ರೇ?" ಎಂದು ನಕ್ಕುಬಿಟ್ಟ.

ನಿಜ ಹೇಳಬೇಕೆಂದರೆ, ನಾನು ಅದನ್ನು ಕೊಂಡದ್ದು ಉಪಯೋಗಕ್ಕಲ್ಲ. ಅಪ್ಪಯ್ಯನ ಹತ್ತಿರವೂ ಇಂಥದೊಂದು ಇತ್ತು. ಬಚ್ಚಲೊಲೆಯ ಮುಂದೆ ಕೂತು ಕಬ್ಬಿಣದ ಸೌಟಿನಲ್ಲಿ ಸೀಸ ಕರಗಿಸುತ್ತಿದ್ದರು. 327 ಡಿಗ್ರಿಗೆ ಕರಗುವ ಸೀಸಕ್ಕೆ ಒಲೆಯ ಕೆಂಡವೇ ಸಾಕು. ಅಚ್ಚು ಕಾಯುವ ತನಕ ಮೊದಲ ಗುಂಡುಗಳು ಸುಕ್ಕುಗಟ್ಟುತ್ತಿದ್ದವು. ಅವು ಮತ್ತೆ ಸೌಟಿಗೆ. ನಾನು ನೀರಿನ ಚೊಂಬು ಹಿಡಿದು ಹತ್ತಿರ ಸುಳಿದರೆ ಗದರುತ್ತಿದ್ದರು. ಕರಗಿದ ಸೀಸಕ್ಕೆ ಹನಿ ನೀರು ಸೇರಿದರೂ ಸಿಡಿದು ಕಣ್ಣಿಗೆ ಹಾರುತ್ತದೆ.

ನಾನು ಆರನೇ ಕ್ಲಾಸಿನಲ್ಲಿದ್ದಾಗ, ಭತ್ತ ಹಣ್ಣಾಗುವ ಕಾಲದ ಒಂದು ರಾತ್ರಿ, ಗದ್ದೆಯಂಚಿನ ಸದ್ದು ಕೇಳಿ ಹಂದಿಯೆಂದು ಅಪ್ಪಯ್ಯ ಈಡು ಹೊಡೆದರು. ಹಂದಿಯಲ್ಲ, ಕಂಬಳಿ ಹೊದ್ದು ಬಗ್ಗಿ ಅಂಚು ಹತ್ತುತ್ತಿದ್ದ ಚಿಕ್ಕಪ್ಪ. ಗುಂಡು ಕಂಬಳಿ ಹರಿದುಕೊಂಡು ಹೋಗಿ ಹಲಸಿನ ಮರದಲ್ಲಿ ಕೂತಿತು. ಚಿಕ್ಕಪ್ಪನ ಮೈಗೆ ಒಂದು ಗೀರೂ ಆಗಲಿಲ್ಲ. ಅಣ್ಣತಮ್ಮಂದಿರು ಜಗಲಿಯಲ್ಲಿ ಬೆಳಗಿನ ತನಕ ಕೂತಿದ್ದರು, ಒಂದು ಮಾತಿಲ್ಲ. ಬೆಳಗ್ಗೆ ಅಪ್ಪಯ್ಯ ಅಚ್ಚನ್ನು ಒಯ್ದು ಹೊಳೆಗೆ ಎಸೆದು ಬಂದರು. ಆಮೇಲೆ ಸಾಯುವ ತನಕ ಕೋವಿಗೆ ಬರೀ ಮದ್ದು ತುಂಬಿ, ಸದ್ದಿನಿಂದಲೇ ಹಂದಿ ಓಡಿಸಿದರು.

ಚಿಕ್ಕಪ್ಪನಿಗೆ ಈಗ ಎಂಬತ್ತು ದಾಟಿದೆ. ಮೊನ್ನೆ ಬಂದವರ ಕಣ್ಣಿಗೆ ಅಚ್ಚು ಬಿತ್ತು. ಅಡಗಿಸಿಡಬೇಕಿತ್ತು ಎಂದು ನನ್ನ ಎದೆ ಹೊಡೆದುಕೊಂಡಿತು. ಅವರು ಕೈಗೆತ್ತಿಕೊಂಡು ಎರಡು ಸಲ ತೆರೆದು ಮುಚ್ಚಿದರು.

"ಗಾಳಕ್ಕೆ ಕಟ್ಟಲಿಕ್ಕೆ ಸೀಸ ಇರ್ಲಿಲ್ಲ. ನಾಲ್ಕು ಎರೆದು ಕೊಡು" ಎಂದರು.

ಅಪ್ಪಯ್ಯನ ಡಬ್ಬಿಯಲ್ಲಿ ಉಳಿದಿದ್ದ ಸೀಸವನ್ನು ಬಯಲಲ್ಲಿ, ಗಾಳಿಗೆ ಬೆನ್ನು ಮಾಡಿ ಕರಗಿಸಿದೆ. ಅಚ್ಚಿನ ತೂತಿಗೆ ತಂತಿಯ ಕೊಂಡಿ ಇಳಿಬಿಟ್ಟು ಎರೆದೆ. ಮೊದಲೆರಡು ಸುಕ್ಕಾದವು, ಆಮೇಲಿನ ನಾಲ್ಕು ಕನ್ನಡಿಯ ಹಾಗೆ ಬಂದವು. ಹೊಳೆಯ ಸೆಳವಿಗೆ ಒಂದು ಔನ್ಸ್ ಹೇಳಿ ಮಾಡಿಸಿದ ತೂಕವಂತೆ.

ಸಂಜೆ ಅವರ ಜೊತೆ ಹೊಳೆಗೆ ಹೋದೆ. ಚಿಕ್ಕಪ್ಪ ಗಾಳ ಬೀಸಿದರು. ಸೀಸ ಬುಳಕ್ಕೆಂದು ಮುಳುಗಿ, ದಾರ ಬಿಗಿಯಾಯಿತು. ಬಹಳ ಹೊತ್ತು ನೀರನ್ನೇ ನೋಡುತ್ತಿದ್ದವರು ಹೇಳಿದರು:

"ಅಣ್ಣಯ್ಯನ ಅಚ್ಚೂ ಇಲ್ಲೇ ಎಲ್ಲೋ ಇರ್ಬೇಕು."