ಸಂಬಳದ ಚೀಟಿ ಮತ್ತು ಮೇಲಿನ ಮಹಡಿ

ನಮ್ಮ ಹೊಳೆನರಸೀಪುರದ ಕಡೆ ಯಾರಾದರೂ ‘ನಮ್ಮ ಹುಡುಗ ಕಂಪನಿಯಲ್ಲಿ ಎಚ್‌ಆರ್’ ಅಂದರೆ ಕೇಳಿದವರ ತಲೆಯಲ್ಲಿ ಎರಡು ಯೋಚನೆ ಓಡುತ್ತವೆ. ಒಂದು, ನಮ್ಮವನಿಗೂ ಅಲ್ಲೊಂದು ಕೆಲಸ ಕೊಡಿಸುತ್ತಾನಾ? ಇನ್ನೊಂದು, ಜನರನ್ನು ಕೆಲಸದಿಂದ ತೆಗೆಯುವವನು ಇವನೇ ತಾನೆ? ಸೇರಿಸಿಕೊಂಡ ದಿನಕ್ಕೂ ತೆಗೆದುಹಾಕಿದ ದಿನಕ್ಕೂ ನಡುವೆ ಇರುವ ವರ್ಷಗಳಲ್ಲಿ ಈ ಮಾನವ ಸಂಪನ್ಮೂಲ ವಿಭಾಗ ಏನು ಮಾಡುತ್ತದೆ ಎಂದು ಯಾರೂ ಕೇಳುವುದಿಲ್ಲ.

ನನಗೆ ಆ ಪ್ರಶ್ನೆ ಹುಟ್ಟಿದ್ದು ಸಂಬಳದ ಚೀಟಿಗಳಿಂದ. ನಮ್ಮ ಬೀದಿಯ ಕೆಲವು ಹೆಂಗಸರು ಹಾಸನದ ಕಡೆಯ ಗಾರ್ಮೆಂಟ್ಸ್‌ಗೆ ಹೊಲಿಗೆ ಕೆಲಸಕ್ಕೆ ಹೋಗುತ್ತಾರೆ. ನಾನು ಬಿ.ಕಾಂ. ಓದಿದವನೆಂದು ಭಾನುವಾರ ಚೀಟಿ ಹಿಡಿದು ಬರುತ್ತಾರೆ. ಎಲ್ಲವೂ ಇಂಗ್ಲಿಷಿನಲ್ಲಿ. ಮೂಲ ವೇತನದಲ್ಲಿ ಶೇ. 12 ಪಿಎಫ್‌ಗೆ, ಒಟ್ಟು ಸಂಬಳದಲ್ಲಿ ಶೇ. 0.75 ಇಎಸ್‌ಐಗೆ ಹೋಗುತ್ತದೆ, ಅದು ನಿಮ್ಮದೇ ದುಡ್ಡು, ಕಷ್ಟಕ್ಕೆ ಬರುತ್ತದೆ ಎಂದರೆ ಅವರಿಗೆ ಸಮಾಧಾನ. ತೊಡಕು ಬರುವುದು ‘ಎಲ್‌ಒಪಿ’ ಎಂಬ ಮೂರಕ್ಷರದಲ್ಲಿ. ಗೈರುಹಾಜರಿಗೆ ಸಂಬಳ ಕಡಿತ ಅಂತ ಅದರ ಅರ್ಥ.

“ಅವತ್ತು ನಾನು ಹೋಗಿದ್ನಲ್ಲ! ಬೆರಳಿಟ್ಟೆ, ಮಿಷಿನ್ ತಗೊಳ್ಳಲಿಲ್ಲ ಅಷ್ಟೇ” ಎಂದರು ಒಬ್ಬರು. ಎಚ್‌ಆರ್‌ನವರನ್ನು ಕೇಳಿ ಎಂದೆ. “ಅವರನ್ನಾ? ಅವರು ಮೇಲಿನ ಮಹಡಿಯಲ್ಲಿರ್ತಾರೆ” ಎಂದು ನಕ್ಕರು. ಸೂಪರ್‌ವೈಸರ್ ಮುಂದಿನ ತಿಂಗಳು ನೋಡೋಣ ಎಂದನಂತೆ. ಆ ಒಂದು ದಿನದ ಕೂಲಿ ಕೊನೆಗೂ ಬರಲಿಲ್ಲ.

ಒಂದು ದಿನದ ಕೂಲಿ ತಾನೆ ಎನ್ನಬಹುದು. ಅಂಥದ್ದೇ ಲೆಕ್ಕ ಸಾವಿರಾರು ಜನರಿಗೆ ತಪ್ಪಿದರೆ ಏನಾಗುತ್ತದೆಂದು ಕೋಲಾರ ಜಿಲ್ಲೆಯ ನರಸಾಪುರದಲ್ಲಿ ನೋಡಿದ್ದೇವೆ. 2020ರ ಡಿಸೆಂಬರ್ 12ರ ಬೆಳಗ್ಗೆ ಅಲ್ಲಿನ ವಿಸ್ಟ್ರಾನ್ ಐಫೋನ್ ಕಾರ್ಖಾನೆಯಲ್ಲಿ ಸಂಬಳದ ವಿಚಾರಕ್ಕೆ ಸಿಟ್ಟಿಗೆದ್ದ ಕಾರ್ಮಿಕರು ಗಾಜು ಒಡೆದರು, ವಾಹನ ಮಗುಚಿದರು. ಅದು ಸರಿಯೆಂದು ನಾನು ಹೇಳುವುದಿಲ್ಲ. ಆದರೆ ಆಮೇಲೆ ಕಾರ್ಖಾನೆಗಳ ಇಲಾಖೆ ನಡೆಸಿದ ಪ್ರಾಥಮಿಕ ತನಿಖೆ ಹೇಳಿದ ಮಾತು ಯೋಚಿಸುವಂಥದ್ದು. ಕಾರ್ಮಿಕರ ಸಂಖ್ಯೆ ಅಲ್ಪಕಾಲದಲ್ಲಿ 5,000ದಿಂದ 10,500ಕ್ಕೆ ಏರಿತ್ತು; ಕಾರ್ಮಿಕ ಕಾನೂನು ಬಲ್ಲವರಿರುವ ಸಮರ್ಪಕ ಎಚ್‌ಆರ್ ವಿಭಾಗ ಮಾತ್ರ ಇರಲಿಲ್ಲ. ಹಾಜರಾತಿ ವ್ಯವಸ್ಥೆಯಲ್ಲಿದ್ದ ದೋಷವನ್ನೂ ಸಕಾಲಕ್ಕೆ ಸರಿಪಡಿಸಿರಲಿಲ್ಲ. ಕಂಪನಿ ಕ್ಷಮೆ ಕೇಳಿತು, ಭಾರತದ ವ್ಯವಹಾರ ನೋಡಿಕೊಳ್ಳುತ್ತಿದ್ದ ಉಪಾಧ್ಯಕ್ಷರನ್ನು ತೆಗೆಯಿತು. ಆಪಲ್ ಕೂಡ, ಸರಿಪಡಿಸುವವರೆಗೆ ಹೊಸ ಕೆಲಸ ಕೊಡುವುದಿಲ್ಲ ಎಂದಿತು.

ಅಷ್ಟು ದೊಡ್ಡ ಕಾರ್ಖಾನೆ ಕಟ್ಟಲು ಬಂದವರಿಗೆ ‘ನನ್ನ ಸಂಬಳ ಯಾಕೆ ಕಡಿಮೆ?’ ಎಂಬ ಪ್ರಶ್ನೆಗೆ ಉತ್ತರಿಸುವ ಜನರನ್ನು ಕೂರಿಸಬೇಕೆಂದು ತೋಚಲಿಲ್ಲ!

ಹಿಂದಿನವರಿಗೆ ಇದು ತೋಚಿತ್ತು. 1948ರ ಕಾರ್ಖಾನೆ ಕಾಯ್ದೆಯ 49ನೇ ಕಲಮು, 500 ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವಲ್ಲಿ ಕಲ್ಯಾಣಾಧಿಕಾರಿ ಇರಲೇಬೇಕು ಎಂದಿತು. ಕಾರ್ಮಿಕರ ಅಹವಾಲು ಆಡಳಿತಕ್ಕೆ ಮುಟ್ಟಿಸುವುದು ಆ ಹುದ್ದೆಯ ಮುಖ್ಯ ಕೆಲಸ. ಆಮೇಲೆ ‘ಕಲ್ಯಾಣ’ ಹಿಂದೆ ಸರಿದು ‘ಸಂಪನ್ಮೂಲ’ ಮುಂದೆ ಬಂತು. ಹೇಮಾವತಿಯ ನೀರೂ ಒಂದು ಸಂಪನ್ಮೂಲವೇ. ಆದರೆ ನೀರು ಲೆಕ್ಕ ಕೇಳುವುದಿಲ್ಲ, ಮನುಷ್ಯ ಕೇಳುತ್ತಾನೆ.

ಇದರಲ್ಲಿ ಎಚ್‌ಆರ್‌ನವರ ಕಷ್ಟವೂ ಇದೆ. ಆ ಕೆಲಸದಲ್ಲಿರುವ ಗೆಳೆಯನೊಬ್ಬ ಹೇಳುತ್ತಾನೆ: “ಮೇಲಿನವರಿಗೆ ನಾನು ಕೆಲಸದವರ ಕಡೆಯವನು, ಕೆಲಸದವರಿಗೆ ಮೇಲಿನವರ ಕಡೆಯವನು.” ಸಂಬಳ ಕೊಡುವುದು ಕಂಪನಿ, ಹಾಗಾಗಿ ಅವನು ಕಾರ್ಮಿಕ ಸಂಘದ ನಾಯಕನಾಗಲಾರ. ಆದರೆ ಕೆಳಗೆ ಏನು ಬೇಯುತ್ತಿದೆ ಎಂದು ಮೇಲಿನವರಿಗೆ ಮೊದಲೇ ತಿಳಿಸುವುದು ಕಂಪನಿಗೂ ಒಳ್ಳೆಯದೇ. ಆ ಸುದ್ದಿ ಮುಟ್ಟದಿದ್ದಾಗ ಗಾಜು ಒಡೆಯುತ್ತದೆ. ಬಹಳ ಕಡೆ ಏನೂ ಒಡೆಯುವುದಿಲ್ಲ, ಜನ ಸುಮ್ಮನೆ ನುಂಗಿಕೊಳ್ಳುತ್ತಾರೆ.

ಈಗ ಎಂಬಿಎ ಓದುತ್ತಿರುವ ಹುಡುಗ ಹುಡುಗಿಯರು ನಾಳೆ ಆ ಕುರ್ಚಿಯಲ್ಲಿ ಕೂರುವವರು. ಸಂದರ್ಶನ ಮಾಡುವುದನ್ನೂ ಹಬ್ಬಕ್ಕೆ ರಂಗೋಲಿ ಸ್ಪರ್ಧೆ ಇಡುವುದನ್ನೂ ಯಾರಾದರೂ ಕಲಿಸುತ್ತಾರೆ. ನನ್ನ ಬೇಡಿಕೆ ಚಿಕ್ಕದು. ಸಂಬಳದ ಚೀಟಿ ಕನ್ನಡದಲ್ಲೂ ಇರಲಿ. ಸಂಬಳವಾದ ವಾರವಾದರೂ ನಿಮ್ಮ ಮೇಜನ್ನು ಮಹಡಿಯಿಂದ ಕೆಳಗೆ, ಹೊಲಿಗೆ ಯಂತ್ರಗಳ ಪಕ್ಕಕ್ಕೆ ತನ್ನಿ.