ಕ್ಯಾಂಪಿನ ಮನೆಯ ಫೋಟೊ

ಇಂಜಿನಿಯರಿಂಗ್ ಓದುವಾಗ ನನ್ನ ರೂಮ್‌ಮೇಟ್ ಆಗಿದ್ದ ಗೆಳೆಯ ಈಗ ಅಮೆರಿಕದ ಡಲ್ಲಾಸ್‌ನಲ್ಲಿದ್ದಾನೆ. ಹೋದ ಆಗಸ್ಟ್‌ನಲ್ಲಿ ಫೋನ್ ಮಾಡಿ, "ಊರಿಗೆ ಹೋದಾಗ ನಮ್ಮ ಕ್ಯಾಂಪಿಗೂ ಹೋಗಿ ತಾತನ ಮನೆ ಫೋಟೊ ತಗೊಂಡು ಬಾರೋ. ಮಗಳಿಗೆ ಸ್ಕೂಲಲ್ಲಿ ವಂಶವೃಕ್ಷ ಮಾಡೋಕೆ ಹೇಳಿದ್ದಾರೆ. ಆ ಮನೇನ ಈ ವರ್ಷ ಮಾರ್ತಿದ್ದೀವಿ" ಅಂದ.

ಅವನ ಕ್ಯಾಂಪ್ ಗಂಗಾವತಿ ಹತ್ತಿರ. ನಮ್ಮದು ಕುಷ್ಟಗಿ ತಾಲೂಕು. ಹೊರಟಾಗ ಅವ್ವ, "ನಾನೂ ಬರ್ತೀನಿ" ಅಂತ ಬೈಕ್ ಹತ್ತಿದಳು.

ತಾವರಗೇರಾ, ಕನಕಗಿರಿವರೆಗೂ ರಸ್ತೆಯ ಎರಡೂ ಕಡೆ ಮಳೆಗೆ ಬಾಯಿಬಿಟ್ಟು ನಿಂತ ಸಜ್ಜೆ, ತೊಗರಿ. ಕಾಲುವೆ ಸೀಮೆ ಬಂದದ್ದೇ ತಡ, ಕಣ್ಣು ಹಾಯಿಸಿದಷ್ಟೂ ಹಸಿರು. ಒಂದೇ ಜಿಲ್ಲೆ, ಎರಡು ಲೋಕ.

ಇದಕ್ಕೆಲ್ಲ ಕಾರಣ ತುಂಗಭದ್ರಾ ಅಣೆಕಟ್ಟು. 1945ರಲ್ಲಿ ಕೆಲಸ ಶುರುವಾದಾಗ ನದಿಯ ಈ ದಂಡೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು, ಆ ದಂಡೆ ಮದ್ರಾಸ್ ಪ್ರಾಂತದಲ್ಲಿತ್ತು. 1953ರ ಹೊತ್ತಿಗೆ ಎಡದಂಡೆ ಕಾಲುವೆಗೆ ನೀರು ಬಂತು. ಇಲ್ಲಿಯ ರೈತರಿಗೆ ಗೊತ್ತಿದ್ದದ್ದು ಜೋಳ, ಸಜ್ಜೆ, ಹತ್ತಿ. ಹೊಲ ಸಮ ಮಾಡಿ, ಮಡಿ ಕಟ್ಟಿ ನೀರು ನಿಲ್ಲಿಸಲು ಕೈಯಲ್ಲಿ ದುಡ್ಡೂ ಇರಲಿಲ್ಲ, ರೂಢಿಯೂ ಇರಲಿಲ್ಲ. ಆಗ ಗೋದಾವರಿ, ಕೃಷ್ಣಾ, ಗುಂಟೂರು ಕಡೆಯ ರೈತರು ಅಲ್ಲಿ ತುಸು ಭೂಮಿ ಮಾರಿ, ಇಲ್ಲಿ ಹೆಚ್ಚು ಭೂಮಿ ಕೊಂಡು ಗುಡಿಸಲು ಹಾಕಿದರು. ಆ ಗುಡಿಸಲುಗಳೇ ಇವತ್ತಿನ ಕ್ಯಾಂಪುಗಳು. ಗಂಗಾವತಿಗೆ ಭತ್ತದ ಕಣಜ ಅಂತ ಹೆಸರು ಬಂತು.

ಮನೆಯಲ್ಲಿ ಗೆಳೆಯನ ದೊಡ್ಡಪ್ಪ ಒಬ್ಬರೇ ಇದ್ದರು. "ರೈಲಿನಾಗ ಹೊಸಪೇಟಿಗೆ ಬಂದು, ಅಲ್ಲಿಂದ ಬಂಡಿ ಮ್ಯಾಲೆ ಬಂದ್ವಿ. ಸುತ್ತ ಜಾಲಿ ಕಂಟಿ, ಹಾವು. ನಮ್ಮಮ್ಮ ವಾಪಸ್ ಹೋಗೂಣು ಅಂತ ವರ್ಷಗಟ್ಟಲೆ ಅತ್ಲು" ಅಂದರು. ತಮ್ಮಂದಿರ ಮಕ್ಕಳೆಲ್ಲ ಹೈದರಾಬಾದ್, ಬೆಂಗಳೂರು, ಅಮೆರಿಕ. ಭೂಮಿ ಗುತ್ತಿಗೆಗೆ ಕೊಟ್ಟಾಗಿದೆ. ನೀರಿನ ಭರವಸೆಯೂ ಮೊದಲಿನಂತಿಲ್ಲ. ಹೂಳು ತುಂಬಿ 133 ಟಿಎಂಸಿಯ ಜಲಾಶಯ ಸುಮಾರು 105ಕ್ಕೆ ಇಳಿದಿದೆ. 2024ರ ಆಗಸ್ಟ್‌ನಲ್ಲಿ 19ನೇ ಕ್ರಸ್ಟ್‌ಗೇಟ್ ಕೊಚ್ಚಿಹೋದ ರಾತ್ರಿ ತಾವು ನಿದ್ದೆ ಮಾಡಲಿಲ್ಲ ಅಂದರು. "ಇಷ್ಟಕ್ಕೂ ಇದು ಭತ್ತಕ್ಕಂತ ಮಾಡಿದ ಕಾಲುವೆ ಅಲ್ಲಪ್ಪ, ಲಘು ನೀರಾವರಿದು. ನಾವು ಮ್ಯಾಲಿನವರು ಭತ್ತ ಹಚ್ಚಿದ್ವಿ, ರಾಯಚೂರು ಕಡೆ ಕೊನೆ ಭಾಗದವರಿಗೆ ನೀರು ಮುಟ್ಲಿಲ್ಲ" ಅಂತ ಅವರೇ ಒಪ್ಪಿಕೊಂಡರು.

ಅಷ್ಟೊತ್ತಿಗೆ ಅವ್ವ ಹಿತ್ತಲ ಕಡೆ ಹೋಗಿ ನಿಂತಿದ್ದಳು. "ಇಲ್ಲೊಂದು ಬೇವಿನ ಗಿಡ ಇತ್ತಲ್ರೀ ಸಾವ್ಕಾರ್ರ?" ಅಂದಳು.

ಅವರು ಕಣ್ಣು ಕಿರಿದು ಮಾಡಿ ನೋಡಿದರು. "ಕಡಿದು ಬಾಳ ವರ್ಷ ಆತಮ್ಮ. ನಿನಗ ಹೆಂಗ ಗೊತ್ತು?"

"ಬರ ಬಿದ್ದಾಗ ಈ ಕ್ಯಾಂಪಿಗೆ ನಾಟಿ ಹಚ್ಚಾಕ ಬರ್ತಿದ್ವಿ ನಾವು. ಇವನ್ನ ಆ ಗಿಡಕ್ಕ ಜೋಳಿಗಿ ಕಟ್ಟಿ ಮಲಗಿಸ್ತಿದ್ದೆ."

ನನಗೆ ಮಾತೇ ಹೊರಡಲಿಲ್ಲ. ಅವ್ವ ಗುಳೆ ಹೋಗುತ್ತಿದ್ದದ್ದು ಗೊತ್ತಿತ್ತು, ಇದೇ ಕ್ಯಾಂಪಿಗೆ ಅಂತ ಗೊತ್ತಿರಲಿಲ್ಲ. ಹಾಸ್ಟೆಲಿನಲ್ಲಿ ಗೆಳೆಯ ತಾತನ ಸಾಹಸದ ಕಥೆ ಹೇಳುವಾಗೆಲ್ಲ ನಾನು ನಮ್ಮ ಮನೆಯ ಮಾತು ಎತ್ತುತ್ತಿರಲಿಲ್ಲ. ಅವರದು ವಲಸೆ, ನಮ್ಮದು ಗುಳೆ. ಹೆಸರಿನಲ್ಲೇ ಒಂದು ನಾಚಿಕೆ ಇತ್ತು.

ಯಜಮಾನರು ಎದ್ದು ಒಳಗಿಂದ ಇನ್ನೊಂದು ಕುರ್ಚಿ ತಂದು ಹಾಕಿದರು. "ಕೂಡಮ್ಮ. ನೀವು ಬರಲಿಲ್ಲ ಅಂದ್ರ ನಮ್ಮ ಗದ್ದೆ ಎಲ್ಲಿ ಹಸಿರಾಕ್ಕಿತ್ತು?" ಅಂದರು. ಅವ್ವ ಮೊದಲು ಬ್ಯಾಡ ಅಂದಳು. ಆಮೇಲೆ ಕೂತಳು.

ಮನೆಯ ಮುಂದೆ ಇಬ್ಬರನ್ನೂ ಕೂರಿಸಿಯೇ ಫೋಟೊ ತೆಗೆದು ಕಳಿಸಿದೆ. ರಾತ್ರಿ ಗೆಳೆಯನ ಮೆಸೇಜ್ ಬಂತು: "ದೊಡ್ಡಪ್ಪನ ಪಕ್ಕ ಇರೋದು ಯಾರು ಅಂತ ಮಗಳು ಕೇಳ್ತಿದ್ದಾಳೆ."

ಮೆಸೇಜ್ ಟೈಪ್ ಮಾಡಲಿಲ್ಲ, ಫೋನೇ ಮಾಡಿದೆ. ಹಾಸ್ಟೆಲಿನಲ್ಲಿ ನಾಲ್ಕು ವರ್ಷ ಹೇಳದೇ ಉಳಿಸಿಕೊಂಡಿದ್ದ ನಮ್ಮ ಮನೆಯ ಕಥೆಯನ್ನು ಅವತ್ತು ಪೂರ್ತಿ ಹೇಳಿದೆ.